ಆಡೋದು ಅದು, ಮಲಗೋದು ನೀನಾ?

ಮೊನ್ನೆ ನೆಂಟರ ಮನೆಯ ನಾಮಕರಣದಲ್ಲಿ ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಯವರು ಒಂದು ಪ್ರಶ್ನೆ ಎತ್ತಿದರು. ಕಂಪ್ಯೂಟರ್ ಪ್ರೋಗ್ರಾಮ್‌ಗಳು ಈಗ ಮನುಷ್ಯರಿಗಿಂತ ಚೆನ್ನಾಗಿ ಚದುರಂಗ ಆಡುತ್ತವಲ್ಲ, ಅವನ್ನೂ ಮನುಷ್ಯರ ಚಾಂಪಿಯನ್‌ಶಿಪ್‌ಗೆ ಸೇರಿಸಿಕೊಳ್ಳಬೇಕೋ ಬೇಡವೋ ಎಂದು. ಅವರು ಹೂಡಿಯ ಕಡೆ ಯಾವುದೋ ಟೆಕ್ ಪಾರ್ಕಿನಲ್ಲಿ ದೊಡ್ಡ ಕೆಲಸದಲ್ಲಿರುವವರು. ಎದುರು ಸಾಲಿನವರೊಬ್ಬರು ಸೇರಿಸಿಕೊಳ್ಳಲೇಬೇಕು, ಬುದ್ಧಿ ಎಲ್ಲಿದ್ದರೇನು ಎಂದರು. ಮಾತು ಎಷ್ಟು ಜೋರಾಯಿತೆಂದರೆ ಹೋಳಿಗೆಗೆ ತುಪ್ಪ ಹಾಕುವ ಹುಡುಗ ಬಂದು ಮುಂದೆ ಹೋದದ್ದೂ ಅವರಿಗೆ ಗೊತ್ತಾಗಲಿಲ್ಲ. ನಾನು ಅವನನ್ನು ವಾಪಸು ಕರೆದು ತುಪ್ಪ ಹಾಕಿಸಿಕೊಂಡು, "ಸೇರಿಸ್ಬಾರ್ದು ಕಣ್ರೀ. ಅದು ನಮ್ಮನೆ ತಾರಸಿ ಮ್ಯಾಲೆ ಯಾವಾಗ್ಲೋ ತೀರ್ಮಾನ ಆಗೋಗೈತೆ" ಎಂದೆ.

ಎಲ್ಲರೂ ನಕ್ಕರು. ನಕ್ಕರೆ ನನಗೇನೂ ಬೇಜಾರಿಲ್ಲ. ಆದರೆ ಹೇಳಿದ್ದು ತಮಾಷೆಗಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ಚಂದಾಪುರ. ನಾನು ಸೊಸೆಯಾಗಿ ಬಂದಾಗ ಮನೆಯ ಹಿಂದೆ ರಾಗಿ ಹೊಲವಿತ್ತು. ಈಗ ಅಲ್ಲಿ ಬಾಡಿಗೆ ಕೋಣೆಗಳ ಸಾಲಿದೆ. ಒಂದು ಬಾಗಿಲು, ಒಂದು ಸಣ್ಣ ಕಿಟಕಿ, ಒಳಗೆ ಅಡುಗೆಗೊಂದು ಕಟ್ಟೆ. ಸುತ್ತಲಿನ ಕಾರ್ಖಾನೆಗಳಿಗೆ ಹೋಗುವವರು, ಕಟ್ಟಡ ಕೆಲಸದವರು, ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಒಂಟಿ ಹುಡುಗರು, ಹೀಗೆ ಬರುತ್ತಾರೆ, ಇರುತ್ತಾರೆ, ಹೋಗುತ್ತಾರೆ. ಮಾಲೀಕರು ಎಂದರೆ ಬಾಡಿಗೆ ವಸೂಲಿ ಮಾಡಿ ಕಾಲು ಚಾಚಿ ಕೂರುವವರು ಎಂದು ಜನ ತಿಳಿದಿದ್ದಾರೆ. ಕೆಟ್ಟ ನಲ್ಲಿ, ಕಟ್ಟಿದ ಮೋರಿ, ಮಕ್ಕಳ ಜಗಳ, ಬೀದಿ ನಾಯಿ, ಎಲ್ಲಕ್ಕೂ ನನ್ನ ಬಾಗಿಲನ್ನೇ ತಟ್ಟುತ್ತಾರೆ. ನಾನು ಬಯ್ಯುತ್ತೇನೆ, ಬಯ್ದುಕೊಂಡೇ ಸರಿ ಮಾಡಿಸುತ್ತೇನೆ.

ಈ ಸಾಲಿನ ಮೇಲೆ, ತಾರಸಿಯ ಮೂಲೆಯಲ್ಲಿ ಒಂದೇ ಒಂದು ಕೋಣೆಯಿದೆ. ನಮ್ಮ ಮಾವನವರು ತಮಗೆಂದು ಕಟ್ಟಿಸಿಕೊಂಡದ್ದು. ಎರಡು ಕಡೆ ಕಿಟಕಿ, ನೀರಿನ ಟ್ಯಾಂಕಿನ ನೆರಳು, ಎಲ್ಲಿಂದಲೋ ಬರುವ ಗಾಳಿ. ಕೆಳಗಿನ ಬೋರ್‌ವೆಲ್ ಮೋಟರಿನ ಸದ್ದಾಗಲಿ ಪಕ್ಕದಲ್ಲಿ ಕಬ್ಬಿಣದ ಕಿಟಕಿ ಗ್ರಿಲ್ ಮಾಡುವ ಅಂಗಡಿಯ ಕಟಕಟವಾಗಲಿ ಅಲ್ಲಿಗೆ ಅಷ್ಟಾಗಿ ಹತ್ತುವುದಿಲ್ಲ. ಅದರ ಬಾಗಿಲ ಮುಂದೆ ಮಾವನವರು ಉಳಿದ ಕೆಂಪು ಬಣ್ಣದಲ್ಲೂ ಸುಣ್ಣದಲ್ಲೂ ನೆಲದ ಮೇಲೆಯೇ ಚದುರಂಗದ ಮಣೆ ಬರೆದುಕೊಂಡಿದ್ದರು. ಲೇತ್ ಕೆಲಸದ ಬಾಡಿಗೆದಾರನೊಬ್ಬ ಅವರಿಗೆ ಆಟ ಕಲಿಸಿದ್ದ. ಕಾಯಿಗಳನ್ನೂ ಅವನೇ ಮರದಲ್ಲಿ ಕಡೆದುಕೊಟ್ಟಿದ್ದ. ಆಮೇಲೆ ಮಾವನವರಿಗೆ ಆಟವೇ ಹಗಲು, ಆಟವೇ ರಾತ್ರಿ.

ಅವರು ಹೋದ ಮೇಲೆ ಆ ಕೋಣೆ ತನಗೆ ಬೇಕು ತನಗೆ ಬೇಕು ಎಂದು ಬಾಡಿಗೆದಾರರೆಲ್ಲ ನನ್ನ ಬಾಗಿಲಿಗೆ ಬಂದರು. ಒಬ್ಬಳಿಗೆ ಎದೆ ಕಟ್ಟುವ ಮಗು, ಇನ್ನೊಬ್ಬನಿಗೆ ಹೊಸ ಮದುವೆ, ಮತ್ತೊಬ್ಬನಿಗೆ ಪರೀಕ್ಷೆ. ಯಾರ ಮಾತೂ ಸುಳ್ಳಲ್ಲ. ನನಗೆ ತಲೆ ಕೆಟ್ಟು, "ಆ ಮಣೆ ಮ್ಯಾಲೆ ಆಡ್ಕೊಳಿ, ಗೆದ್ದೋರಿಗೆ ಒಂದು ವರ್ಸ ಕೋಣೆ, ಬಾಡಿಗೆ ಈಗ ಕೊಡೋ ಅಷ್ಟೇ" ಎಂದುಬಿಟ್ಟೆ. ಸಿಟ್ಟಿನಲ್ಲಿ ಆಡಿದ ಮಾತು ಕಟ್ಟಳೆಯಾಗಿ ನಿಂತಿತು. ಅಂದಿನಿಂದ ಪ್ರತಿ ಯುಗಾದಿಗೆ ಆ ಕೋಣೆ ಖಾಲಿ ಮಾಡಿಸಿ, ಆಮೇಲಿನ ಭಾನುವಾರಗಳಲ್ಲಿ ಪಂದ್ಯ. ಕೋಣೆಗೊಬ್ಬರಂತೆ ಆಡಬೇಕು. ಗಡಿಯಾರವಿಲ್ಲ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಕೊನೆಯ ಆಟದಲ್ಲಿ ಸೋತವರು ಗೆದ್ದವರ ಒಲೆಯನ್ನು ಹೊತ್ತು ಮೇಲಕ್ಕೆ ಸಾಗಿಸಬೇಕು. ಗೆದ್ದವರು ಅದೇ ಒಲೆಯಲ್ಲಿ ಹಾಲುಕ್ಕಿಸಿ ಮೊದಲ ಲೋಟ ಸೋತವರಿಗೆ ಕೊಡಬೇಕು. ಒಲೆಯ ಸಂಗತಿ ಯಾರು ಸೇರಿಸಿದರೋ ನೆನಪಿಲ್ಲ. ಒಳ್ಳೆಯದನ್ನೇ ಸೇರಿಸಿದರು. ಒಲೆ ಹೊತ್ತವನಿಗೂ ಹೊರಿಸಿದವನಿಗೂ ಆಮೇಲೆ ವರ್ಷವೆಲ್ಲ ಒಬ್ಬರ ಮುಖ ಒಬ್ಬರು ನೋಡುವುದು ಸುಲಭವಾಗುತ್ತಿತ್ತು.

ಮೋಟರಿನ ಪಕ್ಕದ ಕೋಣೆಗೆ ಯಾದಗಿರಿ ಕಡೆಯ ಗಂಡ ಹೆಂಡತಿ ಬಂದದ್ದು ಈಚೆಗೆ. ಗಂಡ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಬೆಳಗಾಗುತ್ತಲೇ ಹೊರಡುವವನು. ಹೆಂಡತಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಕಾಯಂ ರಾತ್ರಿ ಪಾಳಿ. ಅವನು ಬಾಗಿಲು ದಾಟುವಾಗ ಇವಳು ಬಾಗಿಲಿಗೆ ಬರುವಳು. ಇವಳು ಮಲಗಬೇಕು ಎನ್ನುವಷ್ಟರಲ್ಲಿ ನನ್ನ ಮೋಟರು ಶುರು, ಅದು ನಿಂತರೆ ಗ್ರಿಲ್ ಅಂಗಡಿ ಶುರು. ಒಂದು ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ನಿದ್ದೆಹೋಗಿ, ಚಂದಾಪುರ ದಾಟಿ ಅತ್ತಿಬೆಲೆಯಲ್ಲಿ ಕಣ್ಣು ಬಿಟ್ಟಳಂತೆ. ಅದನ್ನು ನಗುತ್ತಲೇ ಹೇಳಿದಳು. ಆಮೇಲೆ ನಗದೆ ಇನ್ನೊಂದು ಮಾತು ಹೇಳಿದಳು. ಕೆಲಸದ ಜಾಗದಲ್ಲಿ ತೂಕಡಿಸಿದ್ದನ್ನು ಸೂಪರ್‌ವೈಸರ್ ಕಂಡಿದ್ದಾನೆ, ಇನ್ನೊಮ್ಮೆ ಕಂಡರೆ ಬರುವುದು ಬೇಡ ಎಂದಿದ್ದಾನೆ ಎಂದು.

ಆ ಮಾತು ಕೇಳಿ, ಕಟ್ಟಳೆ ಮುರಿಯಲು ನಾನೇ ಸಿದ್ಧಳಾದೆ. "ಮ್ಯಾಲಿನ ಕೋಣೆ ನೀನೇ ತಗಾ. ಯಾರೇನಂತಾರೋ ನಾನು ನೋಡ್ಕೋತೀನಿ" ಎಂದೆ.

ಅವಳು ಒಪ್ಪಲಿಲ್ಲ. "ಕನಿಕರದ ಖೋಲಿ ಬ್ಯಾಡ್ರಿ ಅಕ್ಕಾರ. ನಾಳಿಗಿ ಇನ್ನೊಬ್ಬಾಕಿ ಬಂದು ನನಗಿಂತ ಹೆಚ್ಚ ಅತ್ತಳಂದ್ರ ಆಕಿಗಿ ಕೊಡ್ತೀರಿ. ಆಡಿ ಗೆದ್ದಿದ್ದನ್ನ ಯಾರೂ ಕಸಗೊಳ್ಳಂಗಿಲ್ಲ."

ಇಂಥ ಮಾತು ಆಡುವವರ ಮೇಲೆ ನನಗೆ ಸಿಟ್ಟೂ ಬರುತ್ತದೆ, ಪ್ರೀತಿಯೂ ಬರುತ್ತದೆ. ಅವಳು ಶಾಲೆಯ ದಿನಗಳಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ತಾಲ್ಲೂಕು ಮಟ್ಟದವರೆಗೂ ಆಡಿದವಳಂತೆ. ಅದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇರಲಿಲ್ಲ. "ಈ ಸಲ ಖೋಲಿ ನಂದ ರೀ" ಎಂದು ನಲ್ಲಿಯ ಹತ್ತಿರ ಎಲ್ಲರ ಮುಂದೆ ಹೇಳುತ್ತಿದ್ದಳು.

ರಸ್ತೆ ಬದಿಯ ಕೋಣೆಯಲ್ಲಿದ್ದ ಹುಡುಗನಿಗೂ ಆ ಕೋಣೆ ಬೇಕಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ, ವಾರಕ್ಕೆ ಕೆಲವು ದಿನ ಕೋಣೆಯಿಂದಲೇ. ಲಾರಿಗಳ ಹಾರ್ನ್ ಮಧ್ಯೆ ಮೀಟಿಂಗಿನಲ್ಲಿ ಕೂತು ಅವನು ಕಿವಿಗೆ ಕೈ ಒತ್ತಿಕೊಳ್ಳುವುದನ್ನು ಕಿಟಕಿಯಿಂದ ನಾನೇ ಕಂಡಿದ್ದೇನೆ. ಒಳ್ಳೆಯ ಹುಡುಗ. ನನ್ನ ಫೋನು ಕೆಟ್ಟರೆ ಅವನೇ ಸರಿಮಾಡುವವನು. ಚದುರಂಗ ಮಾತ್ರ ಅಷ್ಟಕ್ಕಷ್ಟೆ. ಹಿಂದಿನ ವರ್ಷ ಮೊದಲ ಆಟದಲ್ಲೇ ಮಂತ್ರಿಯನ್ನು ಬಿಟ್ಟುಕೊಟ್ಟು ಕೆಳಗಿಳಿದಿದ್ದ.

ಈ ವರ್ಷ ಯುಗಾದಿಯ ಮಾರನೆಯ ದಿನ, ಎಲ್ಲರೂ ತಾರಸಿಯ ಮೇಲೆ ಜೋಡಿ ಹಾಕಲು ಸೇರಿದಾಗ, ಅವನು ಫೋನು ಎತ್ತಿ ತೋರಿಸಿ, "ಆಂಟಿ, ನನ್ ರೂಮಿಂದ ಇದು ಆಡತ್ತೆ" ಎಂದ.

ಅವನೂ ಅವನ ಆಫೀಸಿನ ಇಬ್ಬರು ಗೆಳೆಯರೂ ಸೇರಿ ಬರೆದ ಚದುರಂಗದ ಪ್ರೋಗ್ರಾಮ್ ಅದು. ಕದ್ದುಮುಚ್ಚಿ ಅದರ ಸಹಾಯ ತೆಗೆದುಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ. ಎಲ್ಲರೆದುರು ಕೇಳಿದ. ಅದಕ್ಕೆ ನಾನು ಇಂದಿಗೂ ಅವನಿಗೆ ಅಂಕ ಕೊಡುತ್ತೇನೆ.

"ಗೆದ್ರೆ ಕೋಣೆ ಯಾರಿಗಪ್ಪ?" ಎಂದೆ.

"ನನಗೇ ಆಂಟಿ."

"ಆಡೋದು ಅದು, ಮಲಗೋದು ನೀನಾ?"

ಎಲ್ಲರೂ ಗೊಳ್ಳೆಂದರು. ಹುಡುಗ ಕೆಂಪಗಾದರೂ ಬಿಡಲಿಲ್ಲ. "ಕೋಣೆಗೊಬ್ರು ಅಂತ ಮಾತ್ರ ರೂಲ್ಸು. ಮನುಷ್ಯರೇ ಆಗ್ಬೇಕು ಅಂತ ಎಲ್ಲೂ ಇಲ್ವಲ್ಲ. ಅದನ್ನ ಮಾಡಿದ್ದು ನಾನೇ ತಾನೆ? ಎಷ್ಟು ತಿಂಗಳು ಕೂತಿದೀನಿ ಗೊತ್ತಾ?"

ಯಂತ್ರಗಳ ಗೇರ್ ಚಕ್ರ ಕಡೆಯುವ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದ ಬಾಗಲಕೋಟೆಯವನೊಬ್ಬ ಅವನ ಪರ ನಿಂತ. "ಅಕ್ಕಾರ, ಹಂಗ ನೋಡಿದ್ರ ನಾ ಬಟನ್ ಒತ್ತತೀನಿ, ಗೇರ್ ಕಡಿಯೂದು ಮಷಿನ್ನು. ಪಗಾರ ನನಗ ಕೊಡ್ತಾರ, ಮಷಿನ್ನಿಗೆ ಕೊಡ್ತಾರೇನು? ಹುಡುಗನ ಮಾತಿನ್ಯಾಗ ತಪ್ಪೇನೈತಿ?"

ಇದಕ್ಕೆ ಉತ್ತರ ನನಗೆ ಹೊಳೆದದ್ದು ಸಂಜೆ ಪಾತ್ರೆ ತೊಳೆಯುವಾಗ. ಸಂಬಳ ನಿನಗೆ ಕೊಡುವುದು ಬಟನ್ ಒತ್ತಿದ್ದಕ್ಕಲ್ಲಪ್ಪ, ಆ ಮಷಿನ್ನಿಗೆ ಕೈ ಸಿಕ್ಕಿದರೆ ತುಂಡಾಗುವುದು ನಿನ್ನ ಕೈ ಎಂದು. ಒಳ್ಳೆಯ ಉತ್ತರಗಳೆಲ್ಲ ನನಗೆ ಪಾತ್ರೆ ತೊಳೆಯುವಾಗಲೇ ಬರುತ್ತವೆ. ಅಷ್ಟರಲ್ಲಿ ತಾರಸಿಯ ಮೇಲೆ ತೀರ್ಮಾನಕ್ಕೆ ಕೈ ಎತ್ತಿ ಆಗಿತ್ತು. ಕೋಣೆಗೊಂದು ಕೈ ಎಂಬುದು ನಮ್ಮ ಪದ್ಧತಿ, ಮಾಲೀಕಳಿಗೆ ಕೈ ಇಲ್ಲ. ಬೇಡ ಎನ್ನುವವರೂ ಬೇಕು ಎನ್ನುವವರೂ ಸಮಸಮ ಆಗಿ, ಕೊನೆಗೆ ಉಳಿದದ್ದು ಮೋಟರಿನ ಪಕ್ಕದ ಕೋಣೆಯ ಕೈ ಒಂದೇ. ಅವಳು ಆಡಲಿ ಎಂದು ಕೈ ಎತ್ತಿದಳು.

"ಬುದ್ಧಿ ಐತೇನೆ ನಿಂಗೆ?" ಎಂದು ಮೆಟ್ಟಿಲಲ್ಲಿ ತಡೆದು ಕೇಳಿದೆ.

"ಬಾಗಲ ಮುಚ್ಚಿ ಗೆದ್ಲು ಅನಿಸಿಕೊಳ್ಳಾಕ ಒಲ್ಲೆ ರೀ" ಎಂದಳು.

ಪಂದ್ಯ ಶುರುವಾಯಿತು. ಹುಡುಗ ಫೋನನ್ನು ಸಣ್ಣ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಎದುರಿನವರ ನಡೆಯನ್ನು ಅದಕ್ಕೆ ತಿಳಿಸಿ, ಅದು ಹೇಳಿದ ಕಾಯಿಯನ್ನು ನಡೆಸುತ್ತಿದ್ದ. ಸೋತವರಿಗೂ ಖುಷಿಯೋ ಖುಷಿ. ಸಿನಿಮಾ ಶೂಟಿಂಗ್ ನೋಡಲು ನೆರೆದಂತೆ ಪಕ್ಕದ ಬೀದಿಯವರೂ ಬಂದು ತಾರಸಿ ಹತ್ತಿದರು. ಬಾಗಲಕೋಟೆಯವನು ಒಂದು ಟೀ ಕುಡಿದು ಮುಗಿಸುವಷ್ಟರಲ್ಲಿ ಸೋತು, ಚಪ್ಪಾಳೆ ಹೊಡೆದು, ಫೋನಿಗೆ ಕೈ ಮುಗಿದು ಎದ್ದ. ಅವನಿಗೆ ತಾರಸಿ ಕೋಣೆಯ ಆಸೆ ಅಷ್ಟೇನೂ ಇರಲಿಲ್ಲ. ಕಳೆದುಕೊಳ್ಳುವುದೇನೂ ಇಲ್ಲದವರಿಗೆ ಅದು ಆಟಿಕೆಯೇ.

ಅವಳ ಆಟವೇ ಬೇರೆ. ಶನಿವಾರ ರಾತ್ರಿ ಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ ನೇರ ಬಂದು ಮಣೆಯ ಮುಂದೆ ಕೂರುವಳು. ತನ್ನ ನಡೆ ಆಡಿದ ಕೂಡಲೇ ಮೊಣಕಾಲ ಮೇಲೆ ತಲೆಯಿಟ್ಟು ನಿದ್ದೆ ಮಾಡುವಳು. ಎದುರಿನವರು ಯೋಚಿಸುವಷ್ಟು ಹೊತ್ತು ಅವಳ ನಿದ್ದೆ. ಅವರು ತಮ್ಮ ನಡೆ ಮುಗಿಸಿ ಆ ಕಾಯಿಯಿಂದಲೇ ನೆಲಕ್ಕೆ ಟಕ್ ಟಕ್ ಎಂದು ಕುಟ್ಟಿದರೆ ತಲೆ ಎತ್ತಿ, ಮಣೆ ನೋಡಿ, ಆಡಿ, ಮತ್ತೆ ತಲೆಯಿಡುವಳು. ಮೊದಮೊದಲು ನಕ್ಕೆವು. ಆಮೇಲೆ ಕುಟ್ಟುವುದೂ ನಮ್ಮ ಪದ್ಧತಿಗಳಲ್ಲಿ ಒಂದಾಯಿತು. ಎದುರಿನವರ ಯೋಚನೆಯಲ್ಲೇ ತುಣುಕು ತುಣುಕು ನಿದ್ದೆ ಕದ್ದು, ಎಲ್ಲರನ್ನೂ ಸೋಲಿಸಿ ಕೊನೆಯ ಆಟಕ್ಕೆ ಬಂದಳು.

ಕೊನೆಯ ಆಟ ಫೋನಿನೊಂದಿಗೆ. ಅವಳು ಕಾಯಿ ಇಟ್ಟು ಕೈ ಹಿಂದಕ್ಕೆ ತೆಗೆಯುವ ಮೊದಲೇ ಅದು ಉತ್ತರ ಹೇಳಿರುತ್ತಿತ್ತು. ಹುಡುಗ ಕಾಯಿ ನಡೆಸಿ ಟಕ್ ಟಕ್. ಅವಳು ಆಡಿ ತಲೆ ಬಗ್ಗಿಸುವಷ್ಟರಲ್ಲಿ ಮತ್ತೆ ಟಕ್ ಟಕ್. ತನ್ನ ಸರದಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ತನ್ನ ಸರದಿಯಲ್ಲಿ ಯಾರಿಗೆ ನಿದ್ದೆ ಬರುತ್ತದೆ? ತಲೆ ಓಡುತ್ತಲೇ ಇರುತ್ತದೆ. ಅವಳ ಕಣ್ಣುಗಳು ಕೆಂಡವಾಗುತ್ತಾ ಬಂದವು. ಆನೆ ಹೋಯಿತು, ಒಂಟೆ ಹೋಯಿತು. ಕೊನೆಗೆ ರಾಜನನ್ನು ಮೆಲ್ಲಗೆ ಮಲಗಿಸಿದಳು.

ಅಲ್ಲಿಯವರೆಗೆ ಪ್ರತಿ ಆಟಕ್ಕೂ ಚಪ್ಪಾಳೆ ಬಿದ್ದಿತ್ತು. ಈ ಸಲ ಒಬ್ಬರೂ ತಟ್ಟಲಿಲ್ಲ.

ಅವಳು ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಒಲಿ ಎಲ್ಲೈತ್ರಿ? ಕೊಡ್ರಿ, ಹೊತಗೊಂಡು ಬರ್ತೀನಿ" ಎಂದಳು.

"ಕೆಳಗೆ ನನ್ ರೂಮಲ್ಲಿದೆ ಅಕ್ಕ, ಆದ್ರೆ ನೀವ್ಯಾಕೆ..." ಎಂದು ಹುಡುಗ ತಡವರಿಸಿದ.

"ನಿಮ್ಮದಲ್ರಿ. ಗೆದ್ದವರ ಒಲಿ." ಅವಳು ಫೋನಿನ ಕಡೆ ಕೈ ತೋರಿಸಿದಳು.

ಚುಚ್ಚಲು ಹೇಳಿದ್ದಲ್ಲ. ಅವಳದು ಅಂಥ ಸ್ವಭಾವವಲ್ಲ. ಸೋತಿದ್ದಳು, ಕಟ್ಟಳೆಯಂತೆ ಗೆದ್ದವರ ಒಲೆ ಹೊರಬೇಕಿತ್ತು, ಹೊರಲು ನಿಂತಿದ್ದಳು, ಅಷ್ಟೆ. ಗೆದ್ದದ್ದಕ್ಕೆ ಒಲೆ ಇರಲಿಲ್ಲ. ಹಸಿವೂ ಇರಲಿಲ್ಲ, ಹಾಲೂ ಬೇಕಿರಲಿಲ್ಲ. ಮಲಗಲು ಒಂದು ಮೂಲೆಯೂ ಬೇಕಿರಲಿಲ್ಲ. ಇಂಥದ್ದು ಕಂಡರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

ಸ್ಟ್ಯಾಂಡಿನಿಂದ ಫೋನು ಕಿತ್ತುಕೊಂಡೆ. ತಾರಸಿ ಕೋಣೆಯೊಳಗೆ ಹೋಗಿ ಗೋಡೆಯ ಗೂಡಿನಲ್ಲಿಟ್ಟೆ. ಹೊರಗೆ ಬಂದು ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದೆ.

"ಗೆದ್ದೋರು ಒಳಗವ್ರೆ. ಬರೋ ಯುಗಾದಿ ಗಂಟ ಅಲ್ಲೇ ಇರ್ಲಿ" ಎಂದೆ.

ಹುಡುಗ ಮೊದಲು ನಕ್ಕ. ಸ್ವಲ್ಪ ಹೊತ್ತಾದ ಮೇಲೆ, "ಆಂಟಿ, ತಮಾಷೆ ಸಾಕು, ಫೋನ್ ಕೊಡಿ" ಎಂದ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, "ಆಂಟಿ, ನಾಳೆ ಬೆಳಿಗ್ಗೆ ಆಫೀಸಿಗೆ ಲಾಗಿನ್ ಆಗ್ಬೇಕು, ಓಟಿಪಿ ಅದಕ್ಕೇ ಬರೋದು" ಎಂದ.

"ನನ್ನೇನು ಕೇಳ್ತೀಯಪ್ಪ? ಅವರ ಕೋಣೆ. ಅವರ್ನೇ ಕರೆದು ಕೇಳು."

ಅಷ್ಟರಲ್ಲಿ ಒಳಗೆ ಫೋನು ಹಾಡಿತು. ಅವನ ತಾಯಿಯದಂತೆ, ಭಾನುವಾರದ ಕರೆ. ಹಾಡಿ ಹಾಡಿ ನಿಂತಿತು, ಮತ್ತೆ ಹಾಡಿತು. ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಹುಡುಗ ನಗಲಿಲ್ಲ. ಮುಚ್ಚಿದ ಬಾಗಿಲನ್ನೂ, ಸೆರಗು ಸಿಕ್ಕಿಸಿಕೊಂಡು ಇನ್ನೂ ಅಲ್ಲೇ ನಿಂತಿದ್ದ ಅವಳನ್ನೂ ನೋಡಿ, ಕೆಳಗಿಳಿದು ಹೋದ. ನಾನು ಹೆಚ್ಚು ಮಾಡಿದೆನೇನೋ ಎಂದು ಒಂದು ಕ್ಷಣ ಅನ್ನಿಸಿತು. ಒಂದೇ ಕ್ಷಣ.

ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಬಾಗಿಲಿಗೆ ಬಂದ. "ಅದು ರೂಮ್ ಖಾಲಿ ಮಾಡ್ತಿದೆ ಆಂಟಿ. ನನ್ ರೂಮಿಂದ ನಾನೇ ಆಡ್ತೀನಿ" ಎಂದ.

ಬೀಗ ತೆಗೆದು ಫೋನು ಅವನ ಕೈಗಿಟ್ಟು, ಯಾಕೆ ಎಂದು ಕೇಳಿದೆ. ಅವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಆ ಅಕ್ಕ ಎದ್ದು ಒಲೆ ಕೇಳಿದ್ರಲ್ಲ, ಆಗ್ಲೇ ನಾನು ಅವರ ಮುಖ ನೋಡಿದ್ದು. ಆಟ ಪೂರ್ತಿ ಸ್ಕ್ರೀನೇ ನೋಡ್ತಿದ್ದೆ."

ಅವಳೇ ಒಪ್ಪಲಿಲ್ಲ. "ನಾ ಸೋತೀನ್ರಿ. ಮತ್ತ್ಯಾಕ?" ಎಂದು ಹಟ ಹಿಡಿದಳು. ಸಂಜೆ ಮತ್ತೆ ಎಲ್ಲರೂ ಸೇರಿದರು. ಈ ಸಲ ಬಾಗಲಕೋಟೆಯವನೇ ಎದ್ದು, ಗೆದ್ದವರು ಕೋಣೆ ಬಿಟ್ಟು ಹೋದ ಮೇಲೆ ಕೋಣೆ ಖಾಲಿ, ಖಾಲಿ ಕೋಣೆಗೆ ಮತ್ತೆ ಆಡಬೇಕು ಎಂದ. ಕೈಗಳು ಎದ್ದವು. ಕಟ್ಟಳೆಯನ್ನು ತನ್ನ ಪರವಾಗಿ ಮುರಿದದ್ದಲ್ಲ, ಎಲ್ಲರೂ ಕೂಡಿ ಕಟ್ಟಿದ್ದು ಎಂದಾದ ಮೇಲೆ ಅವಳೂ ತಲೆಯಾಡಿಸಿದಳು. ಮುಂದಿನ ಭಾನುವಾರ ಎಂದು ಗೊತ್ತಾಯಿತು.

ಆ ವಾರವೆಲ್ಲ ಹುಡುಗ ತನ್ನ ಪ್ರೋಗ್ರಾಮಿನ ಎದುರು ಕೂತು ಆಡಿದ, ಸೋತ, ಎಲ್ಲಿ ತಪ್ಪಿತೆಂದು ಅದನ್ನೇ ಕೇಳಿದ. ಅದಕ್ಕೆ ನನ್ನ ತಕರಾರಿಲ್ಲ. ಕಲಿಸುವುದಾದರೆ ಹಗಲು ರಾತ್ರಿ ಕಲಿಸಲಿ, ಇಂಥ ಸಿಡುಕಿಲ್ಲದ ಮೇಷ್ಟ್ರು ಇನ್ನೆಲ್ಲಿ ಸಿಗುತ್ತಾರೆ? ಆದರೆ ಶಿಷ್ಯನ ಪರೀಕ್ಷೆಗೆ ಮೇಷ್ಟ್ರು ಬಂದು ಕೂರಬಾರದು. ಅವಳಿಗೆ ಅಭ್ಯಾಸಕ್ಕೆಲ್ಲಿ ಬಿಡುವು? ಇನ್ನೊಂದು ವಾರ ಮೋಟರಿನ ಪಕ್ಕ ಹೊರಳಾಡಿದಳು.

ಭಾನುವಾರ ಇಬ್ಬರೂ ಮಣೆಯ ಎರಡು ಕಡೆ ಕೂತರು. ಹುಡುಗ ನಿಜವಾಗಿ ಕಲಿತಿದ್ದ. ಮಂತ್ರಿಯನ್ನು ಜೋಪಾನವಾಗಿ ಇಟ್ಟುಕೊಂಡ. ಪ್ರತಿ ನಡೆಗೂ ಉಗುರು ಕಚ್ಚಿ, ತಲೆ ಕೆರೆದು, ಬಹಳ ಹೊತ್ತು ಯೋಚಿಸಿದ. ಅಷ್ಟು ಹೊತ್ತೂ ಅವಳು ಮೊಣಕಾಲ ಮೇಲೆ ತಲೆಯಿಟ್ಟು ಮಲಗಿದಳು. ಟಕ್ ಟಕ್, ಏಳುವುದು, ಆಡುವುದು, ಮತ್ತೆ ಮಲಗುವುದು. ಆಟ ಸಮಸಮವಾಗಿ ನಡೆಯುತ್ತಿತ್ತು. ಬಿಸಿಲು ಏರಿ ಟ್ಯಾಂಕಿನ ನೆರಳು ಮಣೆಯಿಂದ ಆಚೆ ಸರಿಯಿತು. ಅವನ ಸರದಿ. ಬಹಳ ಹೊತ್ತು ಯೋಚಿಸಿ ಕುದುರೆಯನ್ನು ಎತ್ತಿದ. ಇಡುವ ಮೊದಲು ತಲೆ ಎತ್ತಿ ಅವಳನ್ನು ನೋಡಿದ.

ಇದು ತುಣುಕು ನಿದ್ದೆಯಾಗಿರಲಿಲ್ಲ. ಬಾಯಿ ಸ್ವಲ್ಪ ತೆರೆದು, ಕೈ ಸಡಿಲವಾಗಿ ನೆಲಕ್ಕೆ ಜಾರಿ, ಉಸಿರು ಆಳವಾಗಿ ಆಡುತ್ತಿತ್ತು. ಎಷ್ಟು ದಿನದ ನಿದ್ದೆಯೋ, ಒಟ್ಟಿಗೇ ಬಂದು ಮೇಲೆ ಬಿದ್ದಿತ್ತು.

ಹುಡುಗ ಕುದುರೆಯನ್ನು ಇಡಲಿಲ್ಲ. ಇಟ್ಟರೆ ಅವಳ ಸರದಿ, ಕುಟ್ಟಿ ಎಬ್ಬಿಸಬೇಕು. ಅಂಗೈಯಲ್ಲಿ ಹಿಡಿದುಕೊಂಡೇ ಕೂತ. ಇನ್ನೊಂದು ಕೈಯಿಂದ ನಮಗೆಲ್ಲ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದ. ಬಾಗಲಕೋಟೆಯವನು ತಂತಿಯ ಮೇಲೆ ಒಣಗುತ್ತಿದ್ದ ದುಪ್ಪಟಿ ಎಳೆದು, ಅವಳಿಗೆ ನೆರಳಾಗುವಂತೆ ಇನ್ನೊಬ್ಬನ ಜೊತೆ ಹಿಡಿದು ನಿಂತ. ನಾನು ಕೆಳಗೋಡಿ ಮೋಟರ್ ನಿಲ್ಲಿಸಿದೆ. ಗ್ರಿಲ್ ಅಂಗಡಿಗೆ ಹೋಗಿ, "ಸ್ವಲ್ಪೊತ್ತು ಟೀ ಕುಡ್ಕೊಂಡ್ ಬರ್ರಪ್ಪ" ಎಂದೆ. ಅವರು ನನ್ನ ಮುಖ ನೋಡಿ ಎದ್ದು ಹೋದರು. ಕೆಳಗಿನ ಕೋಣೆಗಳಲ್ಲಿ ನೀರಿಲ್ಲ ಎಂದು ಯಾರೋ ಕೂಗಿದ್ದಕ್ಕೆ, ನಾನು ಕೂಗದೇ ಬಯ್ಯುವುದು ಹೇಗೆಂದು ಅವತ್ತು ಕಲಿತೆ.

ಮತ್ತೆ ಮೇಲೆ ಬಂದಾಗಲೂ ಹುಡುಗ ಹಾಗೇ ಕೂತಿದ್ದ. ಅವನಿಗೆ ನೆರಳಿರಲಿಲ್ಲ. ಬೆವರು ಗಲ್ಲದಿಂದ ಇಳಿಯುತ್ತಿತ್ತು. ಕಾಲು ಜೋಮು ಹಿಡಿದಿತ್ತೇನೋ, ಅಲ್ಲಾಡಿಸಲು ಹೆದರಿ ಹಲ್ಲು ಕಚ್ಚಿದ್ದ. ನಾನು ಆಗ ಯೋಚಿಸಿದೆ, ಅವನ ಪ್ರೋಗ್ರಾಮ್ ಕೂಡ ಕಾಯುತ್ತದೆ. ಇವನಿಗಿಂತ ಚೆನ್ನಾಗಿಯೇ ಕಾಯುತ್ತದೆ, ಎಷ್ಟು ದಿನ ಬೇಕಾದರೂ. ಆದರೆ ಕಾದದ್ದರಿಂದ ಅದಕ್ಕೆ ಏನೂ ಆಗುವುದಿಲ್ಲ. ಬಿಸಿಲು ಸುಡುವುದಿಲ್ಲ, ಗೆದ್ದರೂ ನಿದ್ದೆ ಸಿಗುವುದಿಲ್ಲ, ಸೋತರೂ ಲಾರಿಗಳ ಪಕ್ಕದ ಕೋಣೆಗೆ ಇಳಿಯಬೇಕಿಲ್ಲ. ಪಂದ್ಯ ಎನ್ನುವುದು ಎರಡು ಕಡೆಯೂ ಏನಾದರೂ ಆಗುವಂಥವರ ನಡುವೆ ಇರಬೇಕು. ಚೆನ್ನಾಗಿ ಆಡುವವರು ಯಾರೆಂದು ತಿಳಿಯಬೇಕಿದ್ದರೆ ಬೇರೆ ಮಣೆ ಹಾಕಿ ನೋಡಿಕೊಳ್ಳಿ, ನಾನೂ ಬಂದು ಚಪ್ಪಾಳೆ ತಟ್ಟುತ್ತೇನೆ. ನಾಮಕರಣದ ಊಟದಲ್ಲಿ ನನಗೆ ಇಷ್ಟನ್ನು ಹೇಳಲು ಬಿಡಲಿಲ್ಲ, ಪಾಯಸ ಬಂತು.

ಅವಳಿಗೆ ಎಚ್ಚರವಾದಾಗ ಬಿಸಿಲು ಇಳಿದಿತ್ತು. ಧಡಕ್ಕನೆ ತಲೆ ಎತ್ತಿ, ದುಪ್ಪಟಿ ಹಿಡಿದವರನ್ನು ನೋಡಿದಳು, ನನ್ನನ್ನು ನೋಡಿದಳು. ಮುಖ ಬಿಗಿದುಕೊಂಡಿತು. "ಯಾಕ ಕುಟ್ಟಲಿಲ್ಲ? ಕನಿಕರ ಏನ್ರಿ?"

ಹುಡುಗ ಅಂಗೈ ಬಿಚ್ಚಿ ಕುದುರೆಯನ್ನು ತೋರಿಸಿದ. "ಇನ್ನೂ ಆಡಿಲ್ಲ ಅಕ್ಕ. ಯೋಚ್ನೆ ಮಾಡ್ತಾ ಇದ್ದೆ" ಎಂದ.

ಅವನು ಕುದುರೆಯನ್ನು ಮಣೆಯ ಮೇಲಿಟ್ಟು, ಟಕ್ ಟಕ್ ಎಂದು ಕುಟ್ಟಿದ.

ಅವನು ಆಮೇಲೆ ನನಗೊಬ್ಬಳಿಗೇ ಹೇಳಿದ್ದನ್ನು ಇಲ್ಲಿ ಹೇಳಬೇಕು. ಕುದುರೆಯನ್ನು ಹಿಡಿದು ಕೂತಿದ್ದ ಆ ಹೊತ್ತಿನಲ್ಲಿ, ಅದು ತಪ್ಪು ನಡೆ ಎಂದು ಅವನಿಗೆ ಕಂಡಿತ್ತಂತೆ. ಕುದುರೆ ಎದ್ದ ಜಾಗದಿಂದ ಅವಳ ಒಂಟೆಗೆ ಅವನ ರಾಜನ ಪಕ್ಕದವರೆಗೂ ದಾರಿ ತೆರೆಯುತ್ತಿತ್ತು, ಕುದುರೆಯನ್ನು ಎಲ್ಲಿಟ್ಟರೂ ಅಷ್ಟೆ. ಮೊದಲಿದ್ದ ಮನೆಗೇ ವಾಪಸು ಇಟ್ಟುಬಿಡಬಹುದಿತ್ತು. ಅವಳು ನಿದ್ದೆಯಲ್ಲಿದ್ದಳು, ನೋಡುತ್ತಿದ್ದ ನಾವೂ ಅರ್ಧ ಜನ ತೂಕಡಿಸುತ್ತಿದ್ದೆವು. ಇಲ್ಲವೇ ಎತ್ತಿದ ಕೂಡಲೇ ಇಟ್ಟು ಕುಟ್ಟಿದ್ದರೆ, ನಿದ್ದೆಗಣ್ಣಿನಲ್ಲಿ ಅವಳಿಗೆ ಆ ದಾರಿ ಕಾಣುತ್ತಲೇ ಇರಲಿಲ್ಲವೇನೋ. "ಮುಟ್ಟಿದ್ಮೇಲೆ ಮುಟ್ಟಿದ್ದೇ ಅಲ್ವಾ ಆಂಟಿ" ಎಂದ. ಆ ಮಾತು ನಮ್ಮ ಮಾವನವರು ಆಡಿದಂತೆಯೇ ಇತ್ತು.

ನಿದ್ದೆ ತಿಳಿಯಾದ ಕಣ್ಣಿನಲ್ಲಿ ಅವಳು ಮಣೆ ನೋಡಿದಳು. ಅಂಥ ಕಣ್ಣನ್ನು ನಾನು ಅವಳ ಮುಖದಲ್ಲಿ ಮೊದಲ ಸಲ ಕಂಡದ್ದು. ಒಂಟೆ ಹೊರಟಿತು. ಆಮೇಲೆ ಆಟ ಬಹಳ ಹೊತ್ತು ಉಳಿಯಲಿಲ್ಲ.

ಅವಳ ಒಲೆಯನ್ನು ಅವನು ತಲೆಯ ಮೇಲೆ ಹೊತ್ತು ಹತ್ತಿದ. ಜೋಮು ಹಿಡಿದ ಕಾಲಿಗೆ ಇನ್ನೂ ಸರಿಯಾಗಿ ಹಿಡಿತವಿರಲಿಲ್ಲ, ಬಾಗಲಕೋಟೆಯವನು ಹಿಂದಿನಿಂದ ಆಸರೆ ಕೊಟ್ಟ. ಕೆಲಸ ಮುಗಿಸಿ ಬಂದ ಅವಳ ಗಂಡ ಸಿಲಿಂಡರ್ ಹೊತ್ತ. ಹಾಲುಕ್ಕಿತು. ಮೊದಲ ಲೋಟ ಹುಡುಗನಿಗೆ ಕೊಡುವಾಗ ಅವಳು, "ಮುಂದಿನ ವರ್ಷ ಕುದರಿ ಎತ್ತೂ ಮೊದಲ ನೋಡ್ರಿ" ಎಂದಳು. ಅವನು ನಾಲಿಗೆ ಸುಟ್ಟುಕೊಂಡು ನಕ್ಕ.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಸಂಡಿಗೆ ಹಾಕಲು ಹಿಟ್ಟಿನ ಪಾತ್ರೆ ಹಿಡಿದು ತಾರಸಿ ಹತ್ತಿದೆ. ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಸಣ್ಣ ಗೊರಕೆ ಕೇಳುತ್ತಿತ್ತು. ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ ಬಿಟ್ಟಿತ್ತು. ಬಾಗಿಲ ಮುಂದಿನ ಮಣೆಯ ಹತ್ತಿರ ಹುಡುಗ ಬರಿಗಾಲಲ್ಲಿ ಕುಕ್ಕರಗಾಲು ಹಾಕಿ ಕೂತಿದ್ದ. ಎದುರಿಗೆ ಸ್ಟ್ಯಾಂಡಿನ ಮೇಲೆ ಅವನ ಫೋನು, ಅದರ ಸದ್ದು ಪೂರ್ತಿ ಆರಿಸಿದ್ದ. ಕಾಯಿಗಳ ಬುಡಕ್ಕೆಲ್ಲ ಹಳೆ ಬಟ್ಟೆಯ ತುಂಡು ಅಂಟಿಸಿದ್ದ. ಪ್ರೋಗ್ರಾಮ್ ಹೇಳಿದ ನಡೆಯನ್ನು ಸದ್ದಾಗದಂತೆ ಇಟ್ಟು ತಲೆ ಕೆರೆದುಕೊಳ್ಳುತ್ತಿದ್ದ.

"ಏನ್ ಮಾಡ್ತಿದ್ದೀಯ?" ಎಂದೆ.

ಅವನು ಬೆರಳನ್ನು ತುಟಿಗಿಟ್ಟು, ಮುಚ್ಚಿದ ಬಾಗಿಲ ಕಡೆ ನೋಡಿ, ಪಿಸುಗುಟ್ಟಿದ.

"ಮುಂದಿನ ವರ್ಷ ಈ ಅಕ್ಕನ್ನ ಸೋಲಿಸ್ಬೇಕು ಆಂಟಿ."

ನಾನು ಸಂಡಿಗೆ ಹಿಟ್ಟು ಹಿಡಿದು ಬಂದ ಹಾಗೆಯೇ, ಹೆಜ್ಜೆ ಸದ್ದಾಗದಂತೆ ಕೆಳಗಿಳಿದೆ.